ಗುರಿ ತಪ್ಪಿಸುವ ರೈಫಲ್

ಥೂ! ಇದನ್ನು ರೈಫಲ್ ಎನ್ನುತ್ತಾರೆಯೇ, ಭವ್ಯಾ? ಆ ಗುರಿಹಾಳೆ ನೋಡು... ಐದು ಗುಂಡೂ ಕಪ್ಪು ವೃತ್ತದ ಕೆಳಗೆ, ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ! ನಗಬೇಡ. ಗಂಡನ ಗುರಿ ತಪ್ಪಿದರೆ ಹೆಂಡತಿ ನಗುವುದು ಯಾವ ನ್ಯಾಯ?

ಹೌದು, ಇದೇ ರೈಫಲ್ಲಿನಲ್ಲಿ ನೀನು ಈಗಷ್ಟೇ ಹೊಡೆದೆ. ನಿನ್ನ ಐದೂ ರಂಧ್ರಗಳು ಒಂದು ಹೆಬ್ಬೆರಳಿನಡಿ ಮುಚ್ಚಿಹೋಗುವಂತಿವೆ. ಅದೃಷ್ಟ! ಶುದ್ಧ ಅದೃಷ್ಟ!... ಹುಬ್ಬೇಕೆ ಏರಿಸುತ್ತೀಯೆ? ನಿನಗೆ ಇದನ್ನು ಹಿಡಿಯಲು ಕಲಿಸಿದವನೇ ನಾನು.

ಈ ಕ್ಲಬ್ಬೇ ಅಸಹ್ಯ. ಕಿವಿಗೆ ಹಾಕುವ ಈ ಮಫ್ ಮುಟ್ಟಿ ನೋಡು. ಯಾರದೋ ಬೆವರು, ಯಾರದೋ ತಲೆಯೆಣ್ಣೆ... ವಾಕರಿಕೆ ಬರುತ್ತದೆ! ಸೈಬರ್‌ಜಯಾದ ಮನೆಯಿಂದ ಕಾರು ಓಡಿಸಿಕೊಂಡು ಈ ಜಿಡ್ಡಿಗಾಗಿ ಬಂದೆವೇ?

ನಾನು ಯಾವುದನ್ನು ಮಾಡದೆ ಬಿಟ್ಟೆ, ಹೇಳು? ಗುರಿ ನೋಡುವ ಸ್ಕೋಪಿನ ತಿರುಪು ಬಿಗಿ ಮಾಡಿಸಿದೆ. ಒಂದೇ ಪೆಟ್ಟಿಗೆಯ ತೋಟಾಗಳನ್ನೇ ಬಳಸಿದೆ. ನಳಿಕೆಯ ಕೆಳಗೆ ಮರಳಿನ ಚೀಲ ಇಟ್ಟೆ. ಉಸಿರನ್ನು ಅರ್ಧ ಬಿಟ್ಟು ತಡೆದು ಟ್ರಿಗರನ್ನು ಹಿಂಡಿದೆ... ಹಿಂಡಿದೆ ಕಣೇ, ಎಳೆಯಲಿಲ್ಲ!

ನಾಳೆಯ ತಂಡದಲ್ಲಿ ಉಳಿದಿರುವುದು ಒಂದೇ ಸ್ಥಾನ. ನಾನೋ ನೀನೋ ಎಂಬುದನ್ನು ಕೋಚ್ ಪಯಸ್ ಇವತ್ತಿನ ಹಾಳೆ ನೋಡಿಯೇ ತೀರ್ಮಾನಿಸುತ್ತಾರೆ. ಈ ದಾಮೋದರನ ಗುರಿ ಎಂದರೆ ಇಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು! ರೈಫಲ್ಲೇ ಕೆಟ್ಟಿದೆ ಎಂದು ಹೇಳಿಬಿಡುತ್ತೇನೆ. ನೀನೂ ಹೌದೆನ್ನಬೇಕು... ಮುಖವನ್ನೇಕೆ ತಿರುಗಿಸಿಕೊಂಡೆ?

ಏನು, ನನ್ನ ಕಾಲರಿನ ಗುಂಡಿ ಬಿಚ್ಚುತ್ತೀಯಾ? ಇರಲಿ ಬಿಡು, ನನಗೇನೂ ಸೆಕೆಯಿಲ್ಲ. ಕುತ್ತಿಗೆಯ ಮೇಲೆ ಬೆವರುಸಾಲೆ ಎಂದು ಹೇಳಿದೆನಲ್ಲ! ಕೈ ತೆಗೆ.

ಸರಿ, ಕೊನೆಯ ಸಲ. ಮ್ಯಾಗಜೀನಿಗೆ ತೋಟಾ ನೀನೇ ತುಂಬಿದೆಯಾ? ಕೊಡು. ನೋಡುತ್ತಿರು... ಛೆ, ಮತ್ತೆ ಕೆಳಕ್ಕೆ! ಕಂಡೆಯಾ ಈ ದರಿದ್ರದ ರೈಫಲ್ಲಿನ... ಇರು, ಇನ್ನೊಂದು...

ಟಿಕ್ ಎಂದಿತು. ಅಷ್ಟೆ. ಸಿಡಿಯಲಿಲ್ಲ.

ಮದ್ದಿಲ್ಲದ ಡಮ್ಮಿ ತೋಟಾ. ನೀನೇ ನಡುವೆ ಸೇರಿಸಿದ್ದೆ, ಅಲ್ಲವೇ? ಬೆಚ್ಚುತ್ತಾರೆಯೇ ಎಂದು ನೋಡಲು ಪಯಸ್ ಹೊಸಬರಿಗೆ ಒಡ್ಡುವ ಪರೀಕ್ಷೆ ನನಗೆ! ನನಗೆ!... ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಕೆ ತಾನಾಗಿ ಕೆಳಕ್ಕೆ ಕುಸಿಯಿತು. ಅದನ್ನು ನೀನು ನೋಡಿದೆ. ನನ್ನ ಕಣ್ಣು ಮುಚ್ಚಿದ್ದನ್ನೂ ನೋಡಿದೆ.

ಬೈಯಿ. ಬೇಕಾದರೆ ನಗು... ಮತ್ತೆ ಆ ಕಾಲರಿಗೇ ಕೈ ಹಾಕಿದೆಯಾ, ಭವ್ಯಾ?

ಬೆವರುಸಾಲೆಯಲ್ಲ ಅದು. ಹೋದ ತಿಂಗಳು ಎಡಪಕ್ಕದವನ ರೈಫಲ್ಲಿನಿಂದ ಹಾರಿದ ಖಾಲಿ ತೋಟಾ, ಕಾದ ಹಿತ್ತಾಳೆ, ನನ್ನ ಕಾಲರಿನೊಳಗೆ ಬಿತ್ತು. ಚರ್ಮಕ್ಕೆ ಅಂಟಿಕೊಂಡಿತು. ಅವನು ಇಲ್ಲಿಯವರ ಧಾಟಿಯಲ್ಲಿ ‘ಸಾರಿ ಲಾ, ಬಾಸ್’ ಎಂದು ನಕ್ಕ, ನಾನೂ ನಕ್ಕೆ. ಅಂದಿನಿಂದ ಟ್ರಿಗರಿನ ಮೇಲೆ ಬೆರಳಿಟ್ಟರೆ ಸಾಕು, ಸದ್ದಿಗೆ ಮೊದಲೇ ಮೈ ಬೆಚ್ಚುತ್ತದೆ. ಥೂ... ನನ್ನ ಮೈಯೇ ನನಗೆ ಹೇಸಿಗೆ.

ಅಗೋ, ಪಯಸ್ ಬರುತ್ತಿದ್ದಾರೆ. ಅವರಿಗೆ ನಿನ್ನ ಹಾಳೆಯನ್ನೇ ಕೊಡು. ರೈಫಲ್ ಚೆನ್ನಾಗಿದೆ ಎಂದು ನಾನೇ ಹೇಳುತ್ತೇನೆ.

ತಡೆ... ಮ್ಯಾಗಜೀನನ್ನು ಇನ್ನೊಮ್ಮೆ ತುಂಬಿ ಕೊಟ್ಟು ಹೋಗು, ಈ ಬೆಚ್ಚುವ ಚಾಳಿ ಬಿಡಿಸಿಕೊಳ್ಳಬೇಕು. ಡಮ್ಮಿಯನ್ನು ಎಲ್ಲಿಟ್ಟೆ ಎಂದು ಮಾತ್ರ ಹೇಳಬೇಡ.