ಮೂರನೇ ಸಾಲಿನ ಕರ್ಚೀಫು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡುವ ಲಕ್ಷಣ ಕಾಣಲಿಲ್ಲ. ಹಳೇ ಕೋಟೆಗೋಡೆಯೊಳಗಿನ ಆ ಪುಟ್ಟ ಊರಿಗೆ ಶನಿವಾರ, ಭಾನುವಾರ ಎರಡು ನಾಟಕ ನೋಡಿಕೊಂಡು ಹೋಗೋಣವೆಂದು ಬಂದವರೆಲ್ಲ ರಂಗಮಂದಿರದ ಮುಂದಿನ ಹಜಾರದಲ್ಲಿ ಕೊಡೆ ಮಡಚಿಕೊಂಡು ನಿಂತಿದ್ದರು. ನಟರ ವ್ಯಾನು ದಾರಿಯಲ್ಲಿ ಕೆಸರಿಗೆ ಸಿಕ್ಕಿಕೊಂಡಿದೆಯಂತೆ, ಆಟ ತಡವಂತೆ. ಅಷ್ಟರಲ್ಲಿ ಕರೆಂಟೂ ಹೋಯಿತು. ಟಿಕೆಟ್ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಒಂದು ಟಾರ್ಚು ಹೊತ್ತಿಕೊಂಡಿತು.

ಅದನ್ನು ಹಿಡಿದಿದ್ದ ಮುದುಕಿಯನ್ನು ಅಲ್ಲಿ ಎಲ್ಲರೂ ಕರೆಯುವುದು ಟಾರ್ಚ್ ಅಜ್ಜಿ ಎಂದೇ. ಕತ್ತಲಲ್ಲಿ ಬಂದವರಿಗೆ ಸೀಟು ತೋರಿಸುವುದು ಅವಳ ಕೆಲಸ. ಆ ಮಂದಿರದಲ್ಲಿ ಸೀಟುಗಳಿಗೆ ನಂಬರಿಲ್ಲ, ಮೊದಲು ಬಂದವರು ಬೇಕಾದಲ್ಲಿ ಕೂರಬಹುದು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅಜ್ಜಿಯ ಹತ್ತಿರ ಬಂದು ಕೇಳಿದಳು. "ಅಜ್ಜಿ, ಒಳಗೆ ಹೋಗಿ ಒಂದು ಸೀಟಿಗೆ ಕರ್ಚೀಫು ಹಾಕಿ ಬರ್ಲಾ? ನಮ್ಮನೆಯವ್ರು ಕಾರು ನಿಲ್ಸೋಕೆ ಹೋಗಿದ್ದಾರೆ."

"ಬರ್ತಾರಾ?" ಎಂದಳು ಅಜ್ಜಿ.

"ಬರದೆ ಏನು ಅಜ್ಜಿ!"

"ಹಾಗಾದ್ರೆ ಹಾಕು. ಆದ್ರೆ ಸ್ವಲ್ಪ ತಾಳು, ಕರ್ಚೀಫಿನ ಮಾತು ಬಂತಲ್ಲ... ಒಂದು ಕತೆ ಇದೆ." ಟಾರ್ಚನ್ನು ಮೊಣಕಾಲ ನಡುವೆ ಇಟ್ಟುಕೊಂಡು ಅಜ್ಜಿ ಶುರುಮಾಡಿದಳು. ಜನ ಒಬ್ಬೊಬ್ಬರಾಗಿ ಹತ್ತಿರ ಸರಿದು ನೆಲದ ಮೇಲೇ ಕೂತರು.

ಹೆದರೋರು ಈಗ್ಲೇ ಟೀ ಕುಡಿಯೋಕೆ ಎದ್ದು ಹೋಗಿ, ಆಮೇಲೆ ನನ್ನ ಬೈಬೇಡಿ. ಅಕ್ಕ ತಂಗಿ ಇಬ್ರು ಇದ್ರು. ತಂಗಿ ಅಂಚೆ ಕಚೇರೀಲಿ ಕಾಗದ ವಿಂಗಡಿಸೋಳು, ಮದುವೆ ಗಿದುವೆ ಅಂತ ಹೋದೋಳಲ್ಲ. ಅಕ್ಕನ ಗಂಡ ಗಡಿಯಾರ ರಿಪೇರಿಯವ್ರು. ಊರವರ ಗಡಿಯಾರಗಳೆಲ್ಲ ಅವರ ಕೈಗೆ ಬಂದ್ರೆ ಸರಿಯಾಗಿ ನಡೆಯೋವು, ಆದ್ರೆ ದೀಪದ ಬುಡದಲ್ಲೇ ಕತ್ತಲು ನೋಡಿ, ಆ ಮನುಷ್ಯ ಮಾತ್ರ ಜನ್ಮದಲ್ಲಿ ಒಂದು ಕಡೆಗೂ ಹೊತ್ತಿಗೆ ಸರಿಯಾಗಿ ಹೋದವ್ರಲ್ಲ! ಗಂಡ ಹೆಂಡ್ತಿ ವರ್ಷಾ ವರ್ಷಾ ನಿಮ್ಮ ಹಾಗೇ ಇಲ್ಲಿಗೆ ನಾಟಕ ನೋಡೋಕೆ ಬರೋರು. ಗಂಡ ಚೌಕದ ಗೋಪುರದ ಗಡಿಯಾರದ ಕೆಳಗೆ ಕತ್ತೆತ್ತಿಕೊಂಡು ನಿಂತುಬಿಡೋರು, ಅಕ್ಕ ಪಾಪ ಒಬ್ಳೇ ಒಳಗೆ ಬಂದು ಮೂರನೇ ಸಾಲಿನ ನಡುವೆ ಕೂತು ಪಕ್ಕದ ಸೀಟಿಗೆ ಕರ್ಚೀಫು ಕಟ್ಟೋಳು. ಕಟ್ಟೋದ್ಯಾಕೆ ಅಂತೀರಾ? ನಮ್ಮ ಸೀಟುಗಳು ಸ್ಪ್ರಿಂಗಿನವು, ಯಾರೂ ಕೂರದಿದ್ರೆ ತಾವಾಗೇ ಮೇಲಕ್ಕೆ ಮಡಚಿಕೊಳ್ತವೆ, ಮೇಲೆ ಹಾಕಿದ ಬಟ್ಟೆ ಜಾರಿ ಬೀಳುತ್ತೆ. ಅದಕ್ಕೇ ಕೈ ಇಡೋ ಮರದ ಪಟ್ಟಿಗೆ ಎರಡು ಸುತ್ತು ಸುತ್ತಿ ಒಂದು ಗಂಟು, ಎರಡು ತುದೀನೂ ಮೊಲದ ಕಿವಿ ಹಾಗೆ ಮೇಲಕ್ಕೆ... ದೀಪ ಆರಿದ ಮೇಲೆ ಆ ಪುಣ್ಯಾತ್ಮ ಬಗ್ಗಿಕೊಂಡು "ಸ್ವಲ್ಪ ಕಾಲು... ಸ್ವಲ್ಪ ಕಾಲು..." ಅಂತ ಎಲ್ಲರ ಮೊಣಕಾಲು ದಾಟ್ಕೊಂಡು ಬರೋರು. ಬಂದು ಕೂತ್ರೆ ನಗು! ನಟ ಮಾತು ಮುಗಿಸೋಕೆ ಮುಂಚೇನೇ, ಇಡೀ ಸಭೆಗಿಂತ ಮುಂಚೇನೇ ನಗೋರು. ಅಕ್ಕ "ಶ್... ಮೆಲ್ಲಗೆ" ಅನ್ನೋಳು, ಆಮೇಲೆ ತಾನೂ ನಗೋಳು.

ಒಂದು ವರ್ಷ ಅವರು ಅಂಗಡೀಲಿ ಕೂತಲ್ಲೇ ಹೋಗಿಬಿಟ್ರು. ಕಣ್ಣಿಗಿಟ್ಟ ಮಸೂರ ಇನ್ನೂ ಕಣ್ಣಲ್ಲೇ ಇತ್ತಂತೆ. ಅವತ್ತಿಂದ ಅಕ್ಕನ ಮುಖದಲ್ಲಿ ನಗು ಅನ್ನೋದು ಸತ್ತೇಹೋಯ್ತು. ಊಟಕ್ಕೆ ಕೂತ್ರೆ ಎರಡು ತುತ್ತು, ಕರೆದ್ರೆ ಹೂಂ ಅನ್ನೋದೂ ಇಲ್ಲ, ದಿನದಿನಕ್ಕೂ ಸವೆದುಹೋಗ್ತಿದ್ದಾಳೆ. ತಂಗಿಗೆ ಜೀವ ಬಾಯಿಗೆ ಬಂದಿತ್ತು. ಅವಳಿಗೆ ಇದ್ದೋಳು ಅಕ್ಕ ಒಬ್ಳೇ ಅಲ್ವಾ? ಒಂದ್ಸಲ ನಕ್ಕುಬಿಟ್ರೆ ಸಾಕು, ಬದುಕಿಕೊಳ್ತಾಳೆ ಅಂತ, ಬರೋಲ್ಲ ಬರೋಲ್ಲ ಅಂದ್ರೂ ಬಿಡದೆ, ಬಸ್ಸು ಹತ್ತಿಸಿಕೊಂಡು ಇಲ್ಲಿಗೆ ಕರ್ಕೊಂಡು ಬಂದ್ಳು.

ಶನಿವಾರದ ಆಟ. ಮೂರನೇ ಸಾಲು. ಅಕ್ಕನ ಎಡಕ್ಕೆ ತಂಗಿ. ಬಲಗಡೆ ಸೀಟಿಗೆ... ಅಕ್ಕನ ಕೈ ತಾನಾಗೇ ಕರ್ಚೀಫು ತೆಗೆದು ಗಂಟು ಹಾಕ್ತು. ಕಣ್ಣೆಲ್ಲೋ, ಮನಸ್ಸೆಲ್ಲೋ, ಕೈ ಮಾತ್ರ ತನ್ನ ಕೆಲಸ ಮಾಡಿಬಿಡ್ತು. ತಂಗಿ ನೋಡಿದ್ಳು. ನೋಡಿ ಏನನ್ನಬೇಕು? ಯಾರು ತಾನೇ ಬಿಚ್ಚು ಅಂತಾರೆ, ಹೇಳಿ?

ದೀಪ ಆರ್ತು. ನಟ ಬಂದ, ಮಾತು ಶುರುವಾಯ್ತು. ಆಗ ಸಾಲಿನ ಆ ತುದೀಲಿ ಕೂತಿದ್ದ ದಪ್ಪ ಮನುಷ್ಯ ಕಾಲು ಹಿಂದಕ್ಕೆ ಎಳ್ಕೊಂಡ. ಅವನ ಪಕ್ಕದೋಳು ಎಳ್ಕೊಂಡ್ಳು. ಅವಳ ಪಕ್ಕದೋನು ಎಳ್ಕೊಂಡ. ಯಾರೂ ರಂಗದ ಮೇಲಿಂದ ಕಣ್ಣು ತೆಗೀಲಿಲ್ಲ, ದಾರಿ ಬಿಡೋ ಅಭ್ಯಾಸ ಅಷ್ಟೆ, ಒಬ್ಬರಾದ ಮೇಲೆ ಒಬ್ರು ಮೊಣಕಾಲು ಸರಿಸ್ತಾ ಸರಿಸ್ತಾ... ಆ ಸರಿದಾಟ ಅಕ್ಕನ ಹತ್ತಿರ ಬಂದು ನಿಂತಿತು. ಕಿರ್ ಅಂತ ಬಲಗಡೆ ಸೀಟು ಕೆಳಗಿಳೀತು. ಗಡಿಯಾರಕ್ಕೆ ಹಾಕೋ ಎಣ್ಣೆಯ ಸಣ್ಣ ವಾಸನೆ. ನಟ ಇನ್ನೂ ಅರ್ಧ ಮಾತಲ್ಲಿದ್ದಾನೆ, ಆಗ್ಲೇ ಒಂದು ನಗು! ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಸುಳ್ಳಲ್ಲ. "ಶ್... ಮೆಲ್ಲಗೆ" ಅಂದ್ಳು ಅಕ್ಕ. ಅಂದು, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಳು. ತಂಗಿ ಅಕ್ಕನ ಸೆರಗು ಗಟ್ಟಿಯಾಗಿ ಹಿಡ್ಕೊಂಡ್ಳು. ಆದ್ರೂ ಅಕ್ಕ ನಕ್ಕಳಲ್ಲ... ಕಣ್ಣಲ್ಲಿ ನೀರು ಬಂತು, ಹೆದರಿಕೆಗೋ ಸಂತೋಷಕ್ಕೋ ಅವಳಿಗೇ ತಿಳೀಲಿಲ್ಲ.

ಮಾರನೇ ದಿನ ಬೆಳಗ್ಗೆ ಅಕ್ಕ ಹೊಟ್ಟೆ ತುಂಬ ತಿಂದ್ಳು. ಬಿಸಿಲಲ್ಲಿ ಕಲ್ಲುಹಾಸಿನ ಬೀದಿ ಎಲ್ಲ ತಿರುಗಿದ್ಳು, ಗೋಪುರದ ಕೆಳಗೆ ನಿಂತು, "ನಿನ್ನ ಭಾವ ಬಂದಿದ್ರು ಕಣೆ" ಅಂದ್ಳು, ಪೇಟೆಯಿಂದ ಬಂದ್ರು ಅನ್ನೋ ಹಾಗೆ. ತಂಗಿ ಅವಳ ಕೈ ಹಿಡ್ಕೊಂಡು, "ಅಕ್ಕಾ, ಇವತ್ತು ಕಟ್ಟಬೇಡ ಕಣೇ" ಅಂದ್ಳು.

"ಬಿಚ್ಚಿದ್ರೆ ತಾನೇ ಕಟ್ಟೋದು?"

ಕೇಳಿದ್ರಾ? ರಾತ್ರಿಯೆಲ್ಲ ಆ ಸೀಟು ಹಿಡಿದೇ ಇತ್ತು! ಭಾನುವಾರದ ಆಟದಲ್ಲೂ ಅದೇ ನಗು, ಅದೇ ಎಣ್ಣೆ ವಾಸನೆ. ಆಟ ಮುಗೀತು, ಹೊರಗೆ ಬಸ್ಸು ನಿಂತಿದೆ. ತಂಗಿ ಅಂಗಲಾಚಿದ್ಳು. "ಬಿಚ್ಚಿಬಿಡೇ ಅಕ್ಕಾ. ಭಾವ ಹೋಗ್ಲಿ, ನಾವೂ ಹೋಗೋಣ. ನಂಗೆ ನಿನ್ನ ಬಿಟ್ರೆ ಯಾರಿದ್ದಾರೆ?" ಅಕ್ಕ ಅವಳ ಕೆನ್ನೆ ಸವರಿ, "ಹೂಂ ಕಣೆ, ಬಿಚ್ಚಿಕೊಂಡು ಬರ್ತೀನಿ. ನೀನು ಬಸ್ಸಲ್ಲಿ ನಂಗೊಂದು ಜಾಗ ಹಿಡಿದಿರು" ಅಂದು ಒಳಗೆ ಹೋದ್ಳು.

ತಂಗಿ ಕಿಟಕಿ ಪಕ್ಕದ ಸೀಟಲ್ಲಿ ಬ್ಯಾಗಿಟ್ಟು ಕಾದ್ಳು. ಕೇಳಿದೋರಿಗೆಲ್ಲ "ಜನ ಇದ್ದಾರೆ, ಜನ ಇದ್ದಾರೆ" ಅಂದ್ಳು. ಡ್ರೈವರ್ರು ಹಾರ್ನು ಹೊಡೆದ. ಇಳಿದು ಓಡಿದ್ಳು... ಒಳಗೆ ಸೀಟುಗಳೆಲ್ಲ ಮಡಚಿಕೊಂಡಿದ್ವು, ಎರಡು ಬಿಟ್ಟು. ಅಕ್ಕ ಕೂತಿದ್ಳು. ಮುಖದಲ್ಲಿ ನಗು ಹಾಗೇ ಇತ್ತು, ಮೈ ಮಾತ್ರ ತಣ್ಣಗೆ. ತಲೆ ಬಲಕ್ಕೆ ಒರಗಿತ್ತು, ಒಬ್ಬರ ಹೆಗಲ ಮೇಲೆ ಒರಗೋ ಹಾಗೆ. ಅಲ್ಲಿ ಹೆಗಲೂ ಇರ್ಲಿಲ್ಲ, ಏನೂ ಇರ್ಲಿಲ್ಲ... ಆದ್ರೂ ಆ ತಲೆ ಬೀಳ್ಲಿಲ್ಲ.

ಅಜ್ಜಿ ಮೊಣಕಾಲ ನಡುವಿನ ಟಾರ್ಚನ್ನು ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಆ ಹುಡುಗಿಯ ಗಂಡ ತೊಯ್ದು ತೊಪ್ಪೆಯಾಗಿ ಒಳಗೆ ಬಂದ, ಅವಳು ಎಲ್ಲರೆದುರಿಗೇ ಅವನ ತೋಳು ಹಿಡಿದುಕೊಂಡಳು. ಹೊರಗೆ ವ್ಯಾನಿನ ಸದ್ದು ಕೇಳಿತು. "ಆಮೇಲೆ ಆ ತಂಗಿ ಏನಾದ್ಳು, ಅಜ್ಜಿ?" ಎಂದು ಯಾರೋ ಕೇಳಿದರು.

"ಏನಾಗೋದು? ಅಕ್ಕನ್ನ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ. ಇಲ್ಲೇ ಒಂದು ಟಾರ್ಚು ಹಿಡ್ಕೊಂಡು ನಿಂತ್ಳು." ಅಜ್ಜಿ ಮೊಣಕಾಲು ಹಿಡಿದು ಎದ್ದಳು. "ಆ ಎರಡು ಸೀಟಿಗೆ ಬಡಗಿ ಎಷ್ಟು ಸಲ ಹೊಸ ಸ್ಪ್ರಿಂಗು ಹಾಕಿದ್ರೂ ಆಟ ಶುರುವಾದ್ರೆ ಕೆಳಗೇ ಇರ್ತವೆ. ಅದು ನಂಗೆ ಅಭ್ಯಾಸ ಆಗಿದೆ ಬಿಡಿ. ಆದ್ರೆ ಇವತ್ತು ಬೆಳಗ್ಗೆ ಗುಡಿಸೋಕೆ ಹೋದೆ ನೋಡಿ... ಅಕ್ಕನ ಎಡಗಡೆ ಸೀಟಿಗೂ ಒಂದು ಕರ್ಚೀಫು ಕಟ್ಟಿತ್ತು. ಎರಡು ಸುತ್ತು, ಒಂದು ಗಂಟು, ಮೊಲದ ಕಿವಿ. ಬಸ್ಸಲ್ಲಿ ನಾನು ಹಿಡಿದ ಜಾಗಕ್ಕೆ ಅವಳು ಬರ್ಲಿಲ್ಲ. ನನಗೆ ಮಾತ್ರ ಮರೀದೆ ಹಿಡಿದಿದ್ದಾಳೆ."

ಅವಳು ಬಾಗಿಲು ತಳ್ಳಿ, ಟಾರ್ಚಿನ ಬೆಳಕನ್ನು ಒಳಗಿನ ಕತ್ತಲಿಗೆ ಹಾಯಿಸಿದಳು.

"ಬನ್ನಿ, ಮೂರನೇ ಸಾಲು ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ. ಇವತ್ತು ಯಾಕೋ ಕಾಲು ತುಂಬಾ ನೋಯ್ತಿದೆ... ನಿಮ್ಮನ್ನೆಲ್ಲ ಕೂರಿಸಿ, ನಾನೂ ಕೂತೇ ನೋಡೋಣ ಅಂತಿದ್ದೀನಿ."