ಸರ್ಕಲ್ ಸುತ್ತುವ ದಿಕ್ಕು

ಬದ್ರುದ್ದೀನ್ ಸೌದಿಯ ದಮ್ಮಾಮಿನಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ ಬಂದವನು. ಆದರೂ ಊರಿನ ಲೈಸೆನ್ಸ್ ಪರೀಕ್ಷೆಯಲ್ಲಿ ಕಳೆದ ತಿಂಗಳು ಫೇಲಾಗಿದ್ದ. ಸೌದಿಯಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ. ಅದೇ ಅಭ್ಯಾಸದಲ್ಲಿ ಇಲ್ಲಿಯ ಸರ್ಕಲ್ಲನ್ನು ತಪ್ಪು ದಿಕ್ಕಿನಿಂದ ಸುತ್ತಿಬಿಟ್ಟಿದ್ದ. ಇವತ್ತು ಮತ್ತೆ ಆರ್‌ಟಿಒ ಕಚೇರಿಯ ಬೆಂಚಿನ ಮೇಲೆ ಬೆವರುತ್ತ ಕೂತಿದ್ದಾಗ, ಪಕ್ಕದ ತಾಯಿ ಮಗಳ ಮಾತು ಕಿವಿಗೆ ಬಿತ್ತು.

"ಅಮ್ಮ, ಸರ್ಕಲ್‌ನ ವ್ಯಾಖ್ಯಾನ ಎಂತ?"

"ನಡುವಿನ ಕಟ್ಟೆಯನ್ನು ಎಲ್ಲ ವಾಹನಗಳೂ ಒಂದೇ ದಿಕ್ಕಿನಲ್ಲಿ ಸುತ್ತಿ ಹೋಗುವ ಜಾಗ."

"ಯಾವ ದಿಕ್ಕು?"

"ಅದೇ ಮರೆತುಹೋಗ್ತದೆ ಭಾರ್ಗವಿ."

"ಅಪ್ಪ ಪೂಜೆ ಮಾಡುವ ದೇವಸ್ಥಾನದಲ್ಲಿ ನೀನು ಪ್ರದಕ್ಷಿಣೆ ಹೇಗೆ ಬರ್ತಿ?"

"ದೇವರನ್ನು ಬಲಕ್ಕೆ ಇಟ್ಟುಕೊಂಡು." ತಾಯಿ ನಕ್ಕುಬಿಟ್ಟರು. "ಇಷ್ಟೆಯಾ ಮಾರಾಯ್ತಿ?"

"ಇಷ್ಟೇ. ಮತ್ತೆ, ದಾರಿ ಬಿಡಬೇಕಾದ್ದು ಯಾರಿಗೆ?"

"ಮೊದಲೇ ಸುತ್ತು ಬರ್ತಾ ಇರುವವರಿಗೆ. ನಡುವೆ ನುಗ್ಗಿದರೆ ನಿನ್ನ ಅಪ್ಪ ಬಯ್ಯುವುದಿಲ್ವಾ?"

"ಹಾಗಾದ್ರೆ ನೀನು ಪಾಸು."

"ಆಗಲೇಬೇಕು. ಆ ಮಂಡಿನೋವಿನಲ್ಲಿ ಅವರಿಗೆ ಇನ್ನು ಬೈಕು ಆಗ್ಲಿಕ್ಕಿಲ್ಲ. ಲೈಸೆನ್ಸ್ ಸಿಕ್ಕಿದ ಮೇಲೆ ಬೆಳಿಗ್ಗೆ ಪೂಜೆಗೆ ನಾನೇ ಸ್ಕೂಟರಿನಲ್ಲಿ ಬಿಡ್ತೇನೆ."

ಒಳಗಿನಿಂದ "ಸತ್ಯವತಿ" ಎಂದು ಕೂಗಿದರು. ತಾಯಿ ಸೆರಗು ಸರಿಪಡಿಸಿಕೊಂಡು ಎದ್ದರು. ಮಗಳು ಬಾಗಿಲವರೆಗೆ ಜೊತೆಗೆ ಹೋದಳು.

ಬದ್ರುದ್ದೀನ್ ತನ್ನ ನೀರಿನ ಬಾಟಲಿಯನ್ನು ಖಾಲಿಯಾದ ಬೆಂಚಿನ ಮೇಲೆ ನಿಲ್ಲಿಸಿದ. ತೋರುಬೆರಳನ್ನು ಲಾರಿಯ ಹಾಗೆ ಅದರ ಸುತ್ತ ನಿಧಾನವಾಗಿ ಓಡಿಸಿದ. ಬಾಟಲಿ ಕೊನೆಯವರೆಗೂ ಬಲಕ್ಕೇ ಇತ್ತು.