ಹಬ್ಬ ಮುಗೀಲಿ ಅಂದವಳು

ಯೆಹೂದ್ಯರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಪೆಸಾಹ್ ಹಬ್ಬದ ಹಿಂದಿನ ದಿನ ಜೆರುಸಲೇಮಿನ ಅಂಗಡಿಯೊಂದರಲ್ಲಿ ಹಬ್ಬಕ್ಕೆ ಬೇಕಾದ, ಹುಳಿ ಬರಿಸದ ರೊಟ್ಟಿಗೆ ಸಾಲು ನಿಂತಿತ್ತು. ಸಾಲಲ್ಲಿದ್ದ ತಿರ್ಜಾಳ ಮುಂದೆ ಅಕ್ಕತಂಗಿಯರಿಬ್ಬರು ಜಗಳವಾಡುತ್ತಿದ್ದರು.

“ಅಮ್ಮನ್ನ ನೋಡ್ಕೊಳ್ಳೋ ಲಿಗಾಯಾ, ತನ್ನ ಮಗಳಿಗೆ ಹುಷಾರಿಲ್ಲ, ದೇಶಕ್ಕೆ ವಾಪಸ್ ಹೋಗ್ತೀನಿ ಅಂತಾಳೆ. ಹಬ್ಬ ಮುಗೀಲಿ ಅಂದೆ,” ಎಂದಳು ಅಕ್ಕ.

“ಅವಳ ಪಾಸ್‌ಪೋರ್ಟ್ ಎಲ್ಲಿ?” ಕೇಳಿದಳು ತಂಗಿ.

“ನನ್ನ ಬೀರುವಲ್ಲಿ. ಕೊಟ್ರೆ ಹೊರಟೇಬಿಡ್ತಾಳೆ.”

“ಛೀ! ನಾವು ಈಜಿಪ್ಟಲ್ಲಿ ಗುಲಾಮರಾಗಿದ್ವಿ ಅಂತ ಹಬ್ಬದೂಟದಲ್ಲಿ ನೀನು ಓದ್ತಿರು, ಅವಳು ಬಡಿಸ್ತಿರ್ಲಿ, ಅಲ್ವಾ?”

“ನಾನೇನು ನಮ್ಮವರನ್ನ ಹಿಡಿದಿಟ್ಟ ಆ ದೊರೆ ಫರೋಹನಾ? ಕಳಿಸೋದೇ ಇಲ್ಲ ಅಂದೆನಾ? ಆಮೇಲೆ ಕಳಿಸ್ತೀನಿ.”

“ಅವನೂ ಕಳಿಸ್ತೀನಿ, ಕಳಿಸ್ತೀನಿ ಅಂತಲೇ ಹೇಳ್ತಿದ್ದ ಅಕ್ಕಾ! ನಡಿ, ಈಗಲೇ ಬೀರು ತೆಗಿ. ಅಮ್ಮನ ಹತ್ರ ನಾನಿರ್ತೀನಿ.”

“ಸಾಲು ಬಿಟ್ರೆ ರೊಟ್ಟಿ ಸಿಗಲ್ಲ ಕಣೇ.”

“ಆ ಬೀರುಗೆ ಬೀಗ ಹಾಕ್ಕೊಂಡು ರೊಟ್ಟಿ ಗಂಟಲಲ್ಲಿ ಇಳಿಯುತ್ತಾ?”

ಅಕ್ಕ ಕೈಚೀಲದಲ್ಲಿ ಕೀಲಿ ತಡಕುತ್ತ ಸಾಲಿನಿಂದಾಚೆ ಬಂದಳು.

“ಹೋಗ್ಬನ್ನಿ,” ಎಂದಳು ತಿರ್ಜಾ, “ನಿಮ್ಮ ರೊಟ್ಟಿ ನಾನು ತೆಗೆದಿಟ್ಟಿರ್ತೀನಿ.”